ತಣ್ಣೀರಿನ ಗೆರೆ ಹಿಡಿದು

ಅಮೆರಿಕದ ಮಿಷಿಗನ್ ಸರೋವರದ ಮೂಡಣ ದಂಡೆಯಲ್ಲಿ ಲಡಿಂಗ್ಟನ್ ಎಂಬ ಪುಟ್ಟ ಬಂದರು ಊರಿದೆ. ಆಗಸ್ಟ್ ತಿಂಗಳಲ್ಲಿ ಅಲ್ಲಿನ ಮರಳ ದಂಡೆಗೆ ಹೋದರೆ ಮಕ್ಕಳು ಹೊತ್ತು ಮುಳುಗುವವರೆಗೂ ನೀರು ಬಿಟ್ಟು ಮೇಲೆ ಬರುವುದಿಲ್ಲ. ನೀರು 21–22 ಡಿಗ್ರಿ ಸೆಲ್ಸಿಯಸ್‌ನಷ್ಟು ಹಿತವಾಗಿರುತ್ತದೆ. ಬಡಗಣ ಗಾಳಿ ಒಂದೆರಡು ದಿನ ಬಿಡದೆ ಬೀಸಿತೆಂದರೆ ಅದೇ ದಂಡೆಯಲ್ಲಿ ನೀರು 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬಿಸಿಲು ಹಾಗೆಯೇ ಇರುತ್ತದೆ, ಮರಳು ಹಾಗೆಯೇ ಸುಡುತ್ತಿರುತ್ತದೆ; ನೀರಿಗೆ ಕಾಲಿಟ್ಟವರು ಮಾತ್ರ ಚೀರಿ ಹಿಂದಕ್ಕೆ ಹಾರುತ್ತಾರೆ. ಈಜುವವರು ಗಂಟುಮೂಟೆ ಕಟ್ಟುವ ಆ ದಿನವೇ ಮೀನು ಹಿಡಿಯುವವರು ದೋಣಿ ಸಜ್ಜುಗೊಳಿಸುತ್ತಾರೆ. ಆಳದ ತಣ್ಣೀರು ದಡಕ್ಕೆ ಬಂದಿದೆ ಎಂದರೆ ಅದರ ಬೆನ್ನಿಗೇ ಚಿನೂಕ್ ಸಾಲ್ಮನ್ ಮೀನು ಕೂಡ ಬಂದಿದೆ ಎಂದೇ ಲೆಕ್ಕ.

ಬೇಸಿಗೆ ಮುಗಿಯುವ ಹೊತ್ತಿಗೆ ಈ ಸರೋವರದಲ್ಲಿ ಮೀನು ಹುಡುಕುವುದೆಂದರೆ ತಂಪು ಹುಡುಕುವುದು. ಇದರ ಹಿಂದಿನ ವಿಜ್ಞಾನ ಸರಳ, ಆದರೆ ಸೊಗಸಾದದ್ದು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದಿಡುವ ಸಂಗತಿ ಇನ್ನೊಂದಿದೆ: ಸಾವಿರಾರು ಜನ ನಸುಕಿನಲ್ಲಿ ಎದ್ದು ಬೆನ್ನು ಹತ್ತುವ ಆ ಮೀನು ಈ ಸರೋವರದ್ದೇ ಅಲ್ಲ. ಅರುವತ್ತು ವರ್ಷಗಳ ಕೆಳಗೆ ಸರ್ಕಾರಿ ಅಧಿಕಾರಿಗಳು ತಂದು ಬಿಟ್ಟ ಮೀನು ಅದು.

ಮೊದಲು ನೀರಿನ ಮಾತು. ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು 57,800 ಚದರ ಕಿಲೋಮೀಟರ್. ಕರ್ನಾಟಕವನ್ನು ಹತ್ತು ಪಾಲು ಮಾಡಿದರೆ ಮೂರು ಪಾಲಿನಷ್ಟು ನೀರು. ಅತಿ ಆಳದ ಜಾಗದಲ್ಲಿ 281 ಮೀಟರ್ ಇದೆ. ಇಷ್ಟು ದೊಡ್ಡ ನೀರನ್ನು ಬೇಸಿಗೆಯ ಬಿಸಿಲು ಪೂರ್ತಿ ಕಾಯಿಸಲಾರದು. ಮೇಲಿನ ಪದರ ಬಿಸಿಯಾಗಿ ಹಗುರವಾಗುತ್ತದೆ. 4 ಡಿಗ್ರಿಯಲ್ಲಿ ನೀರು ಅತಿ ಭಾರವಾದ್ದರಿಂದ ಅಂಥ ನೀರು ತಳದಲ್ಲಿ ಹಾಗೇ ಕುಳಿತಿರುತ್ತದೆ. ಇವೆರಡರ ನಡುವೆ ಒಂದು ತೆಳು ಪದರವಿದೆ. ಅಲ್ಲಿ ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಉಷ್ಣತೆ ಹತ್ತು ಡಿಗ್ರಿಯವರೆಗೂ ಬೀಳುತ್ತದೆ. ವಿಜ್ಞಾನಿಗಳು ಥರ್ಮೋಕ್ಲೈನ್ ಎನ್ನುವ ಈ ಗೆರೆ ಆಗಸ್ಟ್ ಕೊನೆಯ ಹೊತ್ತಿಗೆ ಸಾಮಾನ್ಯವಾಗಿ 15ರಿಂದ 25 ಮೀಟರ್ ಆಳದಲ್ಲಿರುತ್ತದೆ. ದೋಣಿಯ ಸೋನಾರ್ ಪರದೆಯ ಮೇಲೆ ಅದು ಮಸುಕಾದ ಪಟ್ಟಿಯಾಗಿ ಕಾಣುವುದೂ ಉಂಟು.

ಚಿನೂಕ್‌ಗೆ ಹಿತವಾದ ನೀರು ಸುಮಾರು 10ರಿಂದ 13 ಡಿಗ್ರಿಯದು. ಅದು ತಿನ್ನುವ ಏಲ್‌ವೈಫ್ ಎಂಬ ಚಿಕ್ಕ ಬೆಳ್ಳಿಮೀನಿಗೆ ಅದಕ್ಕಿಂತ ಬೆಚ್ಚನೆಯ ನೀರು ಬೇಕು. ಹಾಗಾಗಿ ಏಲ್‌ವೈಫ್ ಗುಂಪು ಗೆರೆಯ ಮೇಲೆ, ಸಾಲ್ಮನ್ ಗೆರೆಯ ಅಂಚಿನಲ್ಲಿ. ತಂಪಿನಲ್ಲಿ ಇದ್ದುಕೊಂಡು ಮೇಲಕ್ಕೆ ನುಗ್ಗಿ, ಹೊಟ್ಟೆ ತುಂಬಿಸಿಕೊಂಡು ಮತ್ತೆ ತಂಪಿಗೆ ಇಳಿಯುವುದು ಅದರ ರೂಢಿ. ಸರೋವರದ ಮೂಲನಿವಾಸಿಯಾದ ಲೇಕ್ ಟ್ರೌಟ್ ಇನ್ನೂ ಕೆಳಗೆ, ತಳಕ್ಕೆ ಅಂಟಿಕೊಂಡಂತೆ ಇರುತ್ತದೆ. ಸ್ಟೀಲ್‌ಹೆಡ್ ಎಂಬ ಇನ್ನೊಂದು ಮೀನು ಮಾತ್ರ ದಡ ಬಿಟ್ಟು ಬಹು ದೂರ, ಮೇಲ್ಮೈಗೆ ಹತ್ತಿರ ಓಡಾಡುತ್ತದೆ.

ಗಾಳಿ ಈ ಗೆರೆಯನ್ನೇ ಓಲಾಡಿಸುತ್ತದೆ. ಭೂಮಿ ತಿರುಗುವುದರಿಂದ ಉತ್ತರ ಗೋಳಾರ್ಧದಲ್ಲಿ ಗಾಳಿ ತಳ್ಳಿದ ನೀರು ಗಾಳಿ ಸಾಗುವ ದಿಕ್ಕಿನ ಬಲಕ್ಕೆ ಸರಿಯುತ್ತದೆ. ಮೂಡಣ ದಂಡೆಯಲ್ಲಿ ಬಡಗಣ ಗಾಳಿ ಬೀಸಿದರೆ ಮೇಲಿನ ಬೆಚ್ಚನೆಯ ನೀರು ಬಲಕ್ಕೆ, ಅಂದರೆ ದಡದಿಂದ ಆಚೆಗೆ ಹೋಗುತ್ತದೆ. ತೆರವಾದ ಜಾಗಕ್ಕೆ ಆಳದ ನೀರು ಮೇಲೇಳುತ್ತದೆ. ಎದುರು ದಂಡೆಯ ವಿಸ್ಕಾನ್ಸಿನ್‌ನಲ್ಲಿ ಇದು ತಿರುಗುಮುರುಗು, ಅಲ್ಲಿ ತೆಂಕಣ ಗಾಳಿ ಬೀಸಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲೆದ್ದು ಬರುವುದಕ್ಕೂ ಇದು ಒಂದು ಕಾರಣ. ಆ ನೀರು ಹೊತ್ತು ತರುವ ಸಾರದಿಂದಲೇ ಬೂತಾಯಿ, ಬಂಗುಡೆಗಳಿಗೆ ಮೇವು ಹುಟ್ಟುತ್ತದೆ. ನಿನ್ನೆಯ ಗಾಳಿ ಯಾವ ಕಡೆಯದು ಎಂದು ಕೇಳದೆ ಲಡಿಂಗ್ಟನ್‌ನ ಯಾವ ಅನುಭವಿಯೂ ಇಂದಿನ ಆಳ ನಿರ್ಧರಿಸುವುದಿಲ್ಲ.

ಗೆರೆ ಸಿಕ್ಕಿತು. ಇಪ್ಪತ್ತು ಮೀಟರ್ ಆಳದ ಆ ಗೆರೆಗೆ ಗಾಳವನ್ನು ಇಳಿಸಿ, ಅಲ್ಲೇ ನಿಲ್ಲಿಸಿ, ಜೊತೆಗೆ ಓಡಿಸುವುದು ಹೇಗೆ? ಟ್ರೋಲಿಂಗ್ ಎಂಬ ವಿದ್ಯೆ ಇಲ್ಲಿ ಶುರುವಾಗುತ್ತದೆ. ಮಲ್ಪೆ, ಮಂಗಳೂರಿನ ಟ್ರಾಲ್ ದೋಣಿಗಳು ಬಲೆ ಎಳೆಯುತ್ತವೆ. ಇಲ್ಲಿ ದೋಣಿಯ ಹಿಂದೆ ಬರುವುದು ಗಾಳದ ದಾರಗಳು ಮಾತ್ರ. ಮಿಷಿಗನ್ ರಾಜ್ಯದಲ್ಲಿ ಒಬ್ಬರಿಗೆ ಮೂರು ಗಾಳದವರೆಗೆ ಅನುಮತಿ. ನಾಲ್ಕು ಜನರಿರುವ ದೋಣಿಯಿಂದ ಹನ್ನೆರಡು ದಾರಗಳು, ಒಂದಕ್ಕೊಂದು ಸಿಕ್ಕಿಕೊಳ್ಳದಂತೆ, ಬೇರೆ ಬೇರೆ ಆಳದಲ್ಲಿ ಸಾಗಬೇಕು. ಒಂದು ತಿರುವು ತಪ್ಪಿದರೂ ಎಲ್ಲ ಸೇರಿ ಬಿಡಿಸಲಾಗದ ಗಂಟಾಗುತ್ತವೆ.

ಮುಖ್ಯ ಉಪಕರಣ ಡೌನ್‌ರಿಗ್ಗರ್. ದೋಣಿಯ ಹಿಂಬದಿಗೆ ಬಿಗಿದ ಒಂದು ರಾಟೆ, ಅದರಲ್ಲಿ ಉಕ್ಕಿನ ತಂತಿ, ತಂತಿಯ ತುದಿಗೆ ಐದಾರು ಕಿಲೋ ತೂಕದ ಗುಂಡು. ಗಾಳದ ದಾರವನ್ನು ಗುಂಡಿನ ಬಳಿ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಬೇಕಾದ ಆಳಕ್ಕೆ ಇಳಿಸುತ್ತಾರೆ. ಮೇಲೆ ಕೋಲು ಬಿಲ್ಲಿನಂತೆ ಬಾಗಿ ನಿಂತಿರುತ್ತದೆ. ಮೀನು ಕಚ್ಚಿದ ಕೂಡಲೇ ದಾರ ಕ್ಲಿಪ್ಪಿನಿಂದ ಕಳಚಿ, ಕೋಲು ಒಮ್ಮೆ ನೆಟ್ಟಗಾಗಿ, ಮರುಕ್ಷಣ ಮೀನಿನ ಭಾರಕ್ಕೆ ಮತ್ತೆ ಬಾಗುತ್ತದೆ. ಗುಂಡಿನ ಹಂಗಿಲ್ಲದೆ ಬರಿಯ ದಾರದಲ್ಲಿ ಮೀನಿನೊಡನೆ ಸೆಣಸಬಹುದು ಎಂಬುದೇ ಈ ಉಪಾಯದ ಹೆಚ್ಚುಗಾರಿಕೆ.

ಗುಂಡಿನ ನೆರಳಿಗೆ ಹೆದರುವ ಮೀನುಗಳಿಗೆ ಬೇರೆ ಹಾದಿ. ನೀರಿನ ಒತ್ತಡಕ್ಕೆ ತಾನೇ ಕೆಳಗೂ ಪಕ್ಕಕ್ಕೂ ಎಳೆದುಕೊಂಡು ಹೋಗುವ ಬಿಲ್ಲೆಗಳಿವೆ. ಒಳಗೆ ಸೀಸದ ಎಳೆಯಿರುವ ದಾರವಿದೆ. ಸುಮಾರು ಒಂಬತ್ತು ಮೀಟರಿಗೊಮ್ಮೆ ಅದರ ಬಣ್ಣ ಬದಲಾಗುವುದರಿಂದ ಎಷ್ಟು ಬಣ್ಣ ಬಿಟ್ಟೆವು ಎಂಬುದರ ಮೇಲೆ ಆಳದ ಅಂದಾಜು ಸಿಗುತ್ತದೆ. ತುದಿಯಲ್ಲಿ ಸ್ಪೂನ್ ಎನ್ನುವ ಹೊಳೆಯುವ ತಗಡು, ಇಲ್ಲವೇ ನೀರಲ್ಲಿ ಗಿರಗಿರನೆ ಸುತ್ತುವ ಹಲಗೆ, ಅದರ ಹಿಂದೆ ಎಳೆಎಳೆಯಾದ ಕೃತಕ ನೊಣ ಅಥವಾ ಹೆರಿಂಗ್ ಮೀನಿನ ಸೀಳು. ಯಾವ ಬಣ್ಣದ ಸ್ಪೂನ್ ಒಳ್ಳೆಯದು ಎಂಬ ವಾದ ಎಲ್ಲ ಬಂದರುಗಳಲ್ಲೂ ವರ್ಷವಿಡೀ ನಡೆಯುತ್ತದೆ. ನನ್ನ ಮಟ್ಟಿಗೆ ಅದು ಮೂರನೆಯ ಪ್ರಶ್ನೆ. ಆಳ ಮೊದಲು, ವೇಗ ಆಮೇಲೆ, ಬಣ್ಣ ಕೊನೆಗೆ.

ಸಾಮಾನ್ಯ ವೇಗ ಗಂಟೆಗೆ ಮೂರರಿಂದ ನಾಲ್ಕೂವರೆ ಕಿಲೋಮೀಟರ್, ಆರಾಮಾಗಿ ನಡೆಯುವಷ್ಟು. ಆದರೆ ಜಿಪಿಎಸ್ ತೋರಿಸುವುದು ದೋಣಿಯ ವೇಗವನ್ನೇ ಹೊರತು ಗಾಳದ ವೇಗವನ್ನಲ್ಲ. ಇಪ್ಪತ್ತು ಮೀಟರ್ ಕೆಳಗೆ ನೀರು ಬೇರೆಯೇ ದಿಕ್ಕಿಗೆ ಹರಿಯುತ್ತಿರಬಹುದು. ಉತ್ತರಕ್ಕೆ ಹೋಗುವಾಗ ಮೇಲಿಂದ ಮೇಲೆ ಕಚ್ಚುತ್ತಿದ್ದ ಮೀನು ದೋಣಿ ದಕ್ಷಿಣಕ್ಕೆ ತಿರುಗಿದೊಡನೆ ಸುಮ್ಮನಾದರೆ ಮೀನು ಹೋಯಿತೆಂದು ತಿಳಿಯಬಾರದು. ಒಳಹರಿವಿನಿಂದಾಗಿ ಸ್ಪೂನ್ ಈಗ ಬೇರೆ ವೇಗದಲ್ಲಿ ಅಲುಗುತ್ತಿದೆ, ಅಷ್ಟೆ. ಅದಕ್ಕೇ ಅನುಭವಿಗಳು ಗುಂಡಿನ ಬಳಿಯೇ ಒಂದು ಸಂವೇದಕ ಕಟ್ಟಿ, ಆಳದ ಉಷ್ಣತೆ, ವೇಗ ಎರಡನ್ನೂ ಮೇಲೆ ಓದುತ್ತಾರೆ. ಅದಿಲ್ಲದವರಿಗೂ ಒಂದು ಹಳೆಯ ಉಪಾಯವಿದೆ. ದೋಣಿಯನ್ನು ಹಾವಿನ ಹೆಜ್ಜೆಯಲ್ಲಿ ಬಳುಕಿಸುತ್ತ ಹೋಗಬೇಕು. ತಿರುವಿನ ಒಳಬದಿಯ ಗಾಳಗಳು ನಿಧಾನಗೊಂಡು ಇಳಿಯುತ್ತವೆ, ಹೊರಬದಿಯವು ವೇಗ ಹೆಚ್ಚಿ ಮೇಲೇರುತ್ತವೆ. ಯಾವ ಬದಿಯ ಕೋಲು ಬಾಗಿತೋ ಅದೇ ಮೀನಿನ ಉತ್ತರ.

ಆಗಸ್ಟ್ ಕೊನೆಯ ಚಿನೂಕ್ ಜೂನ್ ತಿಂಗಳ ಚಿನೂಕ್ ಅಲ್ಲ. ಮೂರು ನಾಲ್ಕು ವರ್ಷ ತುಂಬಿದ ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತಿರುತ್ತದೆ. ಬೆಳ್ಳಿಯ ಮೈ ಕಂದಾಗುತ್ತ ಬರುತ್ತದೆ. ಮೇವಿನ ಮೇಲಿನ ಆಸೆ ಕುಗ್ಗುತ್ತದೆ. ಹುಟ್ಟಿದ ಹೊಳೆಯ ಬಾಯಿಗೆ ಬಂದು ಗುಂಪುಗಟ್ಟುತ್ತವೆ. ಲಡಿಂಗ್ಟನ್‌ನ ಭಾಗ್ಯವೆಂದರೆ ಪಿಯರ್ ಮಾರ್ಕೆಟ್ ನದಿ ಅಲ್ಲೇ ಸರೋವರ ಸೇರುತ್ತದೆ. ಆ ನದಿಯ ಮುಖ್ಯ ಹರಿವಿಗೆ ಅಣೆಕಟ್ಟಿನ ಅಡ್ಡಿಯಿಲ್ಲ, ಸಾಲ್ಮನ್ ಅಲ್ಲಿ ತಾನಾಗಿಯೇ ಮರಿ ಮಾಡುತ್ತದೆ. ಈ ಹೊತ್ತಿಗೆ ಮೀನು ಕಚ್ಚುವುದು ಹಸಿವಿಗಿಂತ ಹೆಚ್ಚಾಗಿ ಸಿಟ್ಟಿಗೆ ಎಂದು ಬಹಳ ಮಂದಿ ನಂಬುತ್ತಾರೆ. ಬೆಳಕು ಹರಿಯುವ ಮುನ್ನ, ಕತ್ತಲಲ್ಲಿ ಹೊಳೆಯುವ ಬಣ್ಣದ ಸ್ಪೂನ್‌ಗಳಿಗೆ ಟಾರ್ಚ್ ಹಿಡಿದು ಬೆಳಕುಣಿಸಿ ನೀರಿಗಿಳಿಸುತ್ತಾರೆ. ಸೂರ್ಯ ಮೇಲೇರಿದಂತೆ ಮೀನು ಆಳಕ್ಕೆ ಜಾರುತ್ತದೆ, ಬೇಟೆಯ ಹೊತ್ತು ಮುಗಿಯುತ್ತದೆ. 2021ರ ಆಗಸ್ಟ್‌ನಲ್ಲಿ ಇದೇ ಲಡಿಂಗ್ಟನ್ ಬಳಿ ಸಿಕ್ಕ ಚಿನೂಕ್ 47.86 ಪೌಂಡ್ ತೂಗಿತು. ಸುಮಾರು 21.7 ಕಿಲೋ. 1978ರಿಂದ ಉಳಿದಿದ್ದ ರಾಜ್ಯದಾಖಲೆ ಅಂದು ಮುರಿಯಿತು.

ಹುಟ್ಟಿದ ಹೊಳೆ ಇದೇ ಎಂದು ಮೀನಿಗೆ ತಿಳಿಯುವುದು ಹೇಗೆ ಎಂಬುದನ್ನು ಖಚಿತಪಡಿಸಿದ್ದೂ ಇದೇ ಸರೋವರ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಕೋಹೋ ಸಾಲ್ಮನ್ ಮರಿಗಳನ್ನು ಮಾರ್ಫೋಲಿನ್ ಎಂಬ ರಾಸಾಯನಿಕದ ಅತಿ ಸಣ್ಣ ಪ್ರಮಾಣ ಬೆರೆಸಿದ ನೀರಲ್ಲಿ ಇಟ್ಟು, ಬಳಿಕ ಸರೋವರಕ್ಕೆ ಬಿಟ್ಟರು. ಮೀನು ಬೆಳೆದು ಮರಳುವ ಕಾಲಕ್ಕೆ ಒಂದು ಹೊಳೆಗೆ ಅದೇ ರಾಸಾಯನಿಕವನ್ನು ಸುರಿದರು. ಮೀನುಗಳು ಆ ಹೊಳೆಯನ್ನೇ ಹುಡುಕಿ ಬಂದವು. ಎಳವೆಯಲ್ಲಿ ಮೂಸಿದ ನೀರಿನ ವಾಸನೆಯನ್ನು ವರ್ಷಗಳ ಬಳಿಕವೂ ಮರೆಯದ ಜೀವವಿದು.

ಇಂಥ ಜೀವ ಪೆಸಿಫಿಕ್ ಸಾಗರ ಬಿಟ್ಟು ಇಲ್ಲಿಗೆ ಬಂದದ್ದಕ್ಕೆ ಮೂಲ ಒಂದು ಕಾಲುವೆ. ನಯಾಗರಾ ಜಲಪಾತವನ್ನು ಸುತ್ತಿಬಳಸಿ ಹಡಗು ದಾಟಿಸಲು 1829ರಲ್ಲಿ ವೆಲೆಂಡ್ ಕಾಲುವೆ ತೆರೆಯಿತು. ಮೀನಿಗೆ ದಾಟಲಾಗದಿದ್ದ ಗೋಡೆ ಹಾಗೆ ತೆರೆದುಕೊಂಡಿತು. ಹಾವುಮೀನಿನ ರೂಪದ, ಇತರ ಮೀನಿಗೆ ಬಾಯಿಯಿಂದ ಕಚ್ಚಿಕೊಂಡು ರಕ್ತ ಹೀರುವ ಸೀ ಲ್ಯಾಂಪ್ರೆ 1936ರಲ್ಲಿ ಮಿಷಿಗನ್ ಸರೋವರದಲ್ಲಿ ಕಾಣಿಸಿಕೊಂಡಿತು. ಅತಿಯಾದ ಮೀನುಗಾರಿಕೆಯೂ ಸೇರಿ, 1950ರ ದಶಕದ ನಡುವಿನ ಹೊತ್ತಿಗೆ ಲೇಕ್ ಟ್ರೌಟ್ ಇಲ್ಲಿಂದ ಅಳಿದೇಹೋಯಿತು; ಈಗಿರುವುದು ಆಮೇಲೆ ಮತ್ತೆ ತಂದು ಬಿಟ್ಟದ್ದು. 1949ರಲ್ಲಿ ಬಂದ ಏಲ್‌ವೈಫ್, ತಿನ್ನುವವರಿಲ್ಲದ ಸರೋವರದಲ್ಲಿ ಮಿತಿಮೀರಿ ಬೆಳೆಯಿತು. 1967ರ ಬೇಸಿಗೆಯಲ್ಲಿ ಅವು ರಾಶಿರಾಶಿ ಸತ್ತು ಶಿಕಾಗೊವರೆಗಿನ ದಂಡೆಗಳಿಗೆ ಬಂದು ಬಿದ್ದವು. ದಂಡೆ ಕಾಣದಷ್ಟು ಮೀನು, ಹತ್ತಿರ ಸುಳಿಯಲಾಗದಷ್ಟು ನಾತ.

ಲ್ಯಾಂಪ್ರೆಯ ಮರಿಗಳನ್ನು ಹೊಳೆಗಳಲ್ಲೇ ಕೊಲ್ಲುವ ಟಿಎಫ್‌ಎಂ ಎಂಬ ರಾಸಾಯನಿಕದ ಬಳಕೆ 1958ರಲ್ಲಿ ಆರಂಭವಾಗಿತ್ತು. 1964ರಲ್ಲಿ ಮಿಷಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥರಾಗಿ ಬಂದ ಹೋವರ್ಡ್ ಟ್ಯಾನರ್, ಸಹೋದ್ಯೋಗಿ ವೇಯ್ನ್ ಟೋಡಿ ಜೊತೆ ಸೇರಿ ಒಂದು ಎದೆಗಾರಿಕೆಯ ನಿರ್ಧಾರ ಮಾಡಿದರು. ಆರಿಗಾನ್‌ನಿಂದ ಹತ್ತು ಲಕ್ಷ ಕೋಹೋ ಮೊಟ್ಟೆ ತರಿಸಿ, ಮರಿ ಮಾಡಿ, 1966ರ ವಸಂತದಲ್ಲಿ ಹೊಳೆಗಳಿಗೆ ಬಿಟ್ಟರು. ಮರುವರ್ಷ ಚಿನೂಕ್ ಮರಿಗಳು. ಏಲ್‌ವೈಫ್ ತಿಂದು ಸಾಲ್ಮನ್ ಬೆಳೆಯಲಿ, ಸಾಲ್ಮನ್ ಹಿಡಿಯಲು ಜನ ಬರಲಿ ಎಂಬುದು ಲೆಕ್ಕ. ಜನ ಬಂದರು. 1967ರ ಸೆಪ್ಟೆಂಬರ್‌ನಲ್ಲಿ ಪ್ಲ್ಯಾಟ್ ನದಿಯ ಬಾಯಿಯಲ್ಲಿ ದೋಣಿಗಳ ಜಾತ್ರೆ ನೆರೆಯಿತು. ತೀರ ಸಣ್ಣ ದೋಣಿಗಳನ್ನೂ ಬಿಡದೆ ತಂದಿದ್ದರು. ಆ ತಿಂಗಳ 23ರಂದು ಏಕಾಏಕಿ ಬಿರುಗಾಳಿಯೆದ್ದು ಏಳು ಮಂದಿ ಮುಳುಗಿ ಸತ್ತರು. ಈ ಸರೋವರ ಕೆರೆಯಲ್ಲ, ಅಲೆಗಳಲ್ಲಿ ಸಮುದ್ರಕ್ಕೆ ಕಡಿಮೆಯಿಲ್ಲ ಎಂಬುದು ಅಂದಿನಿಂದ ಅಲ್ಲಿನವರ ಮನಸ್ಸಿನಲ್ಲಿ ಕೂತಿದೆ.

ಟ್ಯಾನರ್ ಮಾಡಿದ್ದು ಸರಿಯೇ? ಸತ್ತ ಮೀನು ನಾರುತ್ತಿದ್ದ ದಂಡೆಗಳಿಗೆ ಅವರು ಜೀವ ತಂದರು, ಬಡವಾಗಿದ್ದ ಬಂದರು ಊರುಗಳು ಎದ್ದು ನಿಂತವು. ಅಷ್ಟು ನಿಜ. ತಪ್ಪಿದ್ದು ಆಮೇಲಿನ ಆಸೆಬುರುಕತನ. 1980ರ ದಶಕದ ಕೊನೆಯ ಹೊತ್ತಿಗೆ ಸರೋವರದ ಸುತ್ತಲ ರಾಜ್ಯಗಳು ವರ್ಷಕ್ಕೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಚಿನೂಕ್ ಮರಿ ಬಿಡುತ್ತಿದ್ದವು. ಹುಲ್ಲಿನ ಲೆಕ್ಕ ಹಾಕದೆ ಗೋಮಾಳಕ್ಕೆ ದನ ನುಗ್ಗಿಸಿದಂತಾಯಿತು. ಮೇವು ಸಾಲದೆ ಸೊರಗಿದ ಮೀನಿಗೆ ಮೂತ್ರಪಿಂಡದ ಬ್ಯಾಕ್ಟೀರಿಯಾ ರೋಗ ತಗುಲಿ, 1988ರಿಂದ ಸತ್ತ ಚಿನೂಕ್‌ಗಳು ದಡಕ್ಕೆ ಬಂದವು.

ಅದರ ನಡುವೆಯೇ ಇನ್ನೊಂದು ಅತಿಥಿ. ಹಡಗುಗಳ ಅಡಿಭಾರದ ನೀರಿನಲ್ಲಿ ಯುರೋಪಿನಿಂದ ಬಂದ ಜೀಬ್ರಾ ಮತ್ತು ಕ್ವಾಗಾ ಎಂಬ ಬೆರಳಿನ ಉಗುರಿನಷ್ಟಿರುವ ಚಿಪ್ಪುಜೀವಿಗಳು ತಳವನ್ನೆಲ್ಲ ಹೊದ್ದುಕೊಂಡವು. ಒಂದೊಂದೂ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಸೋಸಿ ಅದರ ಪಾಚಿಯನ್ನು ತಿನ್ನುತ್ತದೆ. ಸರೋವರದ ನೀರು ಈಗ ಹಿಂದೆಂದಿಗಿಂತ ತಿಳಿ. ನೋಡುವವರಿಗೆ ಅದು ಚೆಂದ. ಏಲ್‌ವೈಫ್ ತಿನ್ನುವ ಸೂಕ್ಷ್ಮಜೀವಿಗಳಿಗೆ ಅದು ಬರಗಾಲ. ಟ್ರೋಲಿಂಗ್ ಮಾಡುವವರು ಹಿಂದಿಗಿಂತ ಆಳಕ್ಕೆ ಗಾಳ ಇಳಿಸಬೇಕಾಗಿರುವುದಕ್ಕೂ, ನಸುಕಿನ ಮಬ್ಬನ್ನೇ ನೆಚ್ಚಬೇಕಾಗಿರುವುದಕ್ಕೂ ಈ ತಿಳಿನೀರೇ ಒಂದು ಕಾರಣ. ತಲೆತಲಾಂತರದಿಂದ ಅಲ್ಲಿನ ಒಡಾವಾ, ಒಜಿಬ್ವೆ ಜನರ ಬದುಕಿಗೆ ಆಸರೆಯಾಗಿರುವ ವೈಟ್‌ಫಿಶ್ ಕೂಡ ಇದರಿಂದ ಕುಸಿಯುತ್ತಿದೆ. 1836ರ ಒಪ್ಪಂದದ ಮೀನುಗಾರಿಕೆ ಹಕ್ಕನ್ನು ಅವರು 1979ರಲ್ಲಿ ನ್ಯಾಯಾಲಯದಲ್ಲಿ ಗೆದ್ದುಕೊಂಡರು. ಹಿಡಿಯಲು ಮೀನೇ ಇಲ್ಲವಾದರೆ ಆ ಗೆಲುವಿಗೆ ಅರ್ಥವೇನು? ಕ್ರೀಡೆಯ ಮೀನಿನ ಚರ್ಚೆಯಲ್ಲಿ ಈ ದನಿ ಕೇಳಿಸುವುದು ತೀರ ಕಡಿಮೆ, ಅದು ನನಗೆ ಬೇಸರದ ಸಂಗತಿ.

ನೆರೆಯ ಹ್ಯೂರನ್ ಸರೋವರದಲ್ಲಿ 2003–04ರಲ್ಲಿ ಏಲ್‌ವೈಫ್ ಕುಸಿದುಬಿತ್ತು. ಬೆನ್ನಿಗೇ ಚಿನೂಕ್ ಬೇಟೆಯೂ ಮುಗಿಯಿತು, ಬಂದರುಗಳಲ್ಲಿ ದೋಣಿಗಳು ಖಾಲಿಯಾದವು. ಆದರೆ ಅಲ್ಲಿ ಇನ್ನೊಂದೂ ನಡೆಯಿತು. ಸ್ಥಳೀಯ ವಾಲ್‌ಐ ಮೀನು ಸ್ಯಾಗಿನಾ ಕೊಲ್ಲಿಯಲ್ಲಿ ಚೇತರಿಸಿಕೊಂಡಿತು, ಏಕೆಂದರೆ ಅದರ ಎಳೆಮರಿಗಳನ್ನು ತಿನ್ನುತ್ತಿದ್ದದ್ದೇ ಏಲ್‌ವೈಫ್. ಏಲ್‌ವೈಫ್ ಮೈಯಲ್ಲಿರುವ ಒಂದು ಕಿಣ್ವ ಬಿ1 ಜೀವಸತ್ವವನ್ನು ಒಡೆಯುತ್ತದೆ. ಅದನ್ನೇ ಹೆಚ್ಚಾಗಿ ತಿಂದ ಲೇಕ್ ಟ್ರೌಟ್‌ನ ಮರಿಗಳು ಆ ಕೊರತೆಯಿಂದ ಸಾಯುತ್ತವೆ. ಒಂದು ಮೀನಿನ ಊಟ ಇನ್ನೊಂದರ ವಿಷ.

ಹ್ಯೂರನ್‌ನ ಗತಿ ಕಂಡ ಮೇಲೆ ಮಿಷಿಗನ್ ಸರೋವರದ ಅಧಿಕಾರಿಗಳು ಕೈ ಬಿಗಿ ಹಿಡಿದರು. 2013ರಲ್ಲಿ ಚಿನೂಕ್ ಮರಿ ಬಿತ್ತನೆಯನ್ನು ಅರ್ಧಕ್ಕೆ ಇಳಿಸಿದರು, 2017ರಲ್ಲಿ ಮತ್ತೆ ಕಡಿತ. ದೋಣಿ ಬಾಡಿಗೆಯನ್ನೇ ನಂಬಿದವರಿಂದ ಸಭೆಗಳಲ್ಲಿ ಪ್ರತಿಭಟನೆ ಬಂತು. ಅವರ ಆತಂಕ ಹುಸಿಯಲ್ಲ, ಆದರೂ ಕಡಿತವೇ ಸರಿಯಾದ ದಾರಿ ಎಂದು ನಾನು ನಂಬುತ್ತೇನೆ. ಅರ್ಧಕ್ಕಿಂತ ಹೆಚ್ಚು ಚಿನೂಕ್ ಈಗ ಹೊಳೆಗಳಲ್ಲಿ ತಾನಾಗಿ ಹುಟ್ಟಿದವು. ಮನುಷ್ಯ ನಿಲ್ಲಿಸಿದರೂ ಹೊಳೆ ನಿಲ್ಲಿಸುವುದಿಲ್ಲ. ಆ ಲೆಕ್ಕ ಸೇರಿಸಿಕೊಂಡೇ ಬಿತ್ತನೆ ಆಗಬೇಕು. ಮೇವು ಚೇತರಿಸಿಕೊಂಡಂತೆ ಈಚೆಗೆ ಸಂಖ್ಯೆಯನ್ನು ಸ್ವಲ್ಪ ಏರಿಸಿದ್ದಾರೆ.

ಇದನ್ನು ಬರೆಯುವಾಗ ಕಾವೇರಿಯನ್ನು ನೆನೆಯದಿರಲು ಆಗುವುದಿಲ್ಲ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಮೀನಿನ ಖ್ಯಾತಿ ಜಗತ್ತಿನ ಗಾಳಗಾರರಿಗೆಲ್ಲ ಗೊತ್ತು. ಬೆನ್ನುಬ್ಬಿದ ಆ ಮಹಶೀರ್ ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಜಾತಿ. ಮಹಶೀರ್ ಉಳಿಸುವ ಒಳ್ಳೆಯ ಉದ್ದೇಶದಿಂದಲೇ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ಮೂಲದ್ದು ಕಾಣೆಯಾಗುತ್ತ ಬಂತು. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿ ಸೇರಿತು. ಮರಿ ಬಿಡುವ ಮುನ್ನ ನೀರಲ್ಲಿ ಯಾರಿದ್ದಾರೆ ಎಂದು ಎಣಿಸುವ ಕೆಲಸ ನಮ್ಮಲ್ಲೂ ಆಗಬೇಕಿತ್ತು, ಈಗಲೂ ಆಗಬೇಕು.

ಶಿಕಾಗೊ, ಮಿಲ್ವಾಕಿ, ಗ್ರ್ಯಾಂಡ್ ರ್‍ಯಾಪಿಡ್ಸ್ ಕಡೆ ನೆಲೆಸಿದ ಕನ್ನಡಿಗರಿಗೆ, ಬೇಸಿಗೆಯಲ್ಲಿ ಮಕ್ಕಳ ಮನೆಗೆ ಹೋಗುವ ಇಲ್ಲಿನವರಿಗೆ ಒಂದು ಮಾತು. ಆಗಸ್ಟ್‌ನಲ್ಲಿ ಬಾಡಿಗೆ ದೋಣಿ ಹತ್ತುವ ಮುನ್ನ ಗಾಳದ ಪರವಾನಗಿ ಮಾಡಿಸಿ, ಹವಾಮಾನ ಸೇವೆಯ ಅಲೆಗಳ ಮುನ್ಸೂಚನೆ ನೋಡಿ. ಸಣ್ಣ ದೋಣಿಗಳಿಗೆ ಎಚ್ಚರಿಕೆ ಇದ್ದರೆ ದಡದಲ್ಲೇ ಉಳಿಯಿರಿ. ಮೀನನ್ನು ಹಿಡಿದು ಬಿಡುವುದು ಬೇರೆ ಕಾಲದಲ್ಲಿ ಒಳ್ಳೆಯ ಪದ್ಧತಿ, ಆದರೆ 10 ಡಿಗ್ರಿಯಿಂದ 21 ಡಿಗ್ರಿಯ ನೀರಿಗೆ ಸೆಣಸಿ ಬಂದ ಮೀನು ಬಿಟ್ಟರೂ ಬದುಕುವುದು ಕಷ್ಟ. ಮನೆಗೆ ಬೇಕಾದಷ್ಟು ಸಿಕ್ಕಿತೆಂದರೆ ಗಾಳ ಎತ್ತಿಬಿಡಿ. ಅಡುಗೆಗೆ ಮುನ್ನ ಚರ್ಮ, ಕೊಬ್ಬು ತೆಗೆಯಿರಿ. ಹಳೆಯ ಕೈಗಾರಿಕೆಗಳ ಪಿಸಿಬಿ ಎಂಬ ವಿಷ ಕೊಬ್ಬಿನಲ್ಲಿ ಸೇರಿರುತ್ತದೆ, ಎಷ್ಟು ತಿನ್ನಬಹುದು ಎಂಬ ಸಲಹೆಯನ್ನು ರಾಜ್ಯ ಸರ್ಕಾರಗಳೇ ಪ್ರಕಟಿಸುತ್ತವೆ. ಕೊನೆಗೆ, ಮೀನಿನ ಬೆನ್ನ ಮೇಲೆ ಬಾಲದ ಹತ್ತಿರವಿರುವ ಪುಟ್ಟ ಮೆತ್ತನೆಯ ರೆಕ್ಕೆಯನ್ನು ಗಮನಿಸಿ. ಅದು ಇಲ್ಲವೆಂದರೆ ಮರಿಕೇಂದ್ರದಲ್ಲಿ ಕತ್ತರಿಸಿ ಬಿಟ್ಟ ಮೀನು. ಅದರ ಮೂತಿಯೊಳಗೆ ಕೂದಲೆಳೆಯಂಥ ತಂತಿಯ ಗುರುತು ಇರಬಹುದು. ಅಂಥ ಮೀನಿನ ತಲೆಯನ್ನು ಎಸೆಯಬೇಡಿ. ಮೀನುಗಾರಿಕೆ ಇಲಾಖೆ ಗೊತ್ತುಮಾಡಿದ ಸಂಗ್ರಹ ಕೇಂದ್ರಗಳು ಬಂದರು ಊರುಗಳಲ್ಲಿವೆ. ಹಿಡಿದ ಜಾಗ, ದಿನ ಬರೆದ ಚೀಟಿಯೊಂದಿಗೆ ತಲೆಯನ್ನು ಅಲ್ಲಿಗೆ ಕೊಟ್ಟುಬನ್ನಿ. ಮುಂದಿನ ವರ್ಷ ಎಷ್ಟು ಮರಿ ಬಿಡಬೇಕೆಂದು ನಿರ್ಧರಿಸುವಾಗ ಅಧಿಕಾರಿಗಳು ಬಳಸುವ ಲೆಕ್ಕದಲ್ಲಿ ಅದೂ ಸೇರುತ್ತದೆ.